ಮಾಮಿಯ ಫೋಟೋ, ಹಳ್ಳದ ಎಣ್ಣೆ

ಪ್ರಚಾರ ವಿಭಾಗದ ಮಾನ್ಯ ಮುಖ್ಯಸ್ಥರಿಗೆ,
ತೈಲಶ್ರೀ ಎಂಜಿನ್ ಆಯಿಲ್ ಕಂಪನಿ,
ಬೆಂಗಳೂರು

ಮಾನ್ಯರೇ,

ನೀಲಗಿರಿಯ ಕೆತ್ತಿ ಕಣಿವೆಯಲ್ಲಿ, ತಮ್ಮ ಆಯಿಲ್ ಚೇಂಜ್ ಸೆಂಟರಿನಿಂದ ಸರಿಯಾಗಿ ಕೆಳಗೆ, ಹಳ್ಳದ ದಂಡೆಯ ಮೇಲೆ ಕ್ಯಾರೆಟ್ ತೊಳೆದು ಬದುಕುವ ಸುಗನ್ಯಾ ಭೋಜನ್ ಎಂಬ ನಾನು ತಮಗೂ, ತಮ್ಮ ಕುಟುಂಬದವರಿಗೂ, ತಮ್ಮ ಕಂಪನಿಯ ಸಮಸ್ತ ಡಬ್ಬ, ಪೀಪಾಯಿ, ಲಾಳಿಕೆಗಳಿಗೂ ಆಯುರಾರೋಗ್ಯ ಕೋರುತ್ತಾ, ಬಹಿರಂಗವಾಗಿ ಬರೆದುಕೊಂಡ ವಿಜ್ಞಾಪನೆ. ನಮ್ಮ ಮನೆಮಾತು ಬಡಗ, ಪೇಟೆಯ ಮಾತು ತಮಿಳು. ಆದರೂ ತಮ್ಮ ಕಚೇರಿ ಬೆಂಗಳೂರಿನಲ್ಲಿರುವುದರಿಂದ, ಮೈಸೂರಿನ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಓದುವಾಗ ಕಲಿತ ಕನ್ನಡವನ್ನು ಟ್ರಂಕಿನಿಂದ ತೆಗೆದು, ಕೊಡವಿ, ತಮಗಾಗಿ ಉಟ್ಟುಕೊಂಡಿದ್ದೇನೆ. ಅಲ್ಲಲ್ಲಿ ಸುಕ್ಕು ಕಂಡರೆ ಕ್ಷಮಿಸಬೇಕು. ಈ ಪತ್ರದಲ್ಲಿ ತಮಗೆ ಹೇಳಬೇಕಾದ ಧನ್ಯವಾದಗಳು ಬಹಳ ಇವೆ, ದೂರು ಒಂದೇ ಒಂದಿದೆ. ದೂರನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಏಕೆಂದರೆ ಹಿಂದೊಮ್ಮೆ ಅದನ್ನು ಮೊದಲೇ ಬರೆದು ಆದ ಅನುಭವ ನನಗೆ ಸಾಕಷ್ಟಿದೆ.

ನಮ್ಮ ಸುತ್ತಿನ ಹೊಲಗಳ ಕ್ಯಾರೆಟ್ ಮಣ್ಣು ಮೆತ್ತಿಕೊಂಡೇ ಪೇಟೆಗೆ ಹೋಗುವುದಿಲ್ಲ. ಮೂಟೆಯಲ್ಲಿ ಬಂದದ್ದನ್ನು ದೊಡ್ಡ ಪೀಪಾಯಿಯಂಥ ಯಂತ್ರಕ್ಕೆ ಸುರಿದು, ಹಳ್ಳದ ನೀರು ಹಾಯಿಸಿ, ಗರಗರ ತಿರುಗಿಸಿ, ಮದುವಣಗಿತ್ತಿಯ ಹಾಗೆ ಹೊಳೆಯಿಸಿ ಮೆಟ್ಟುಪಾಳ್ಯದ ಮಂಡಿಗೆ ಲಾರಿ ಹತ್ತಿಸುವುದು ನನ್ನ ಮತ್ತು ನನ್ನ ಗಂಡ ಭೋಜನ್ ಅವರ ಕೆಲಸ. ಮನೆಯಲ್ಲಿ ನಾವಿಬ್ಬರಲ್ಲದೆ ಅವರ ತಾಯಿ ನಂಜಿ ಇದ್ದಾರೆ. ನಮ್ಮ ಕಡೆ ಅತ್ತೆಯನ್ನು ಮಾಮಿ ಎನ್ನುವುದರಿಂದ ಇಲ್ಲಿಯೂ ಮಾಮಿ ಎಂದೇ ಬರೆಯುತ್ತೇನೆ. ಅವರನ್ನು ತಾವು ಬಲ್ಲಿರಿ. ಊಟಿಗೆ ಬಂದ ಪ್ರವಾಸಿಗರೂ ಬಲ್ಲರು. ಆ ಪ್ರಸಿದ್ಧಿಗೆ ಕಾರಣರಾದ ತಮಗೆ ಮೊದಲ ಧನ್ಯವಾದ.

ಮೇಲಿನ ಕೂನೂರು ರಸ್ತೆಯ ತಿರುವಿನಲ್ಲಿ ತಮ್ಮ ಸೆಂಟರ್ ತೆರೆದ ಮೇಲೆ ನಮ್ಮ ಹಳ್ಳದ ಭಾಗ್ಯ ಬದಲಾಯಿತು. ಘಾಟಿ ಹತ್ತಿ ಬಿಸಿಯಾದ ಕಾರುಗಳು ಅಲ್ಲಿ ನಿಂತು ಹಳೆಯ ಎಣ್ಣೆ ಕಳೆದುಕೊಂಡು, ಹೊಸ ಎಣ್ಣೆ ಕುಡಿದು, ಲವಲವಿಕೆಯಿಂದ ಊಟಿಗೆ ಹೋಗತೊಡಗಿದವು. ಕಳೆದುಕೊಂಡ ಎಣ್ಣೆ ಮಾತ್ರ ಊಟಿ ನೋಡುವ ಆಸೆಯಿಲ್ಲದೆ ಸೆಂಟರಿನ ನೆಲದ ತೂಬಿನಿಂದ ರಸ್ತೆಯ ಮೋರಿಗೆ, ಮೋರಿಯಿಂದ ನಮ್ಮ ಹಳ್ಳಕ್ಕೆ ಇಳಿಯಿತು. ಅಲ್ಲಿಯವರೆಗೆ ನಾವು ಕಾಮನಬಿಲ್ಲು ನೋಡಬೇಕಾದರೆ ಬಿಸಿಲು ಮಳೆ ಎರಡೂ ಒಟ್ಟಿಗೆ ಬರುವವರೆಗೆ ಕಾಯಬೇಕಾಗಿತ್ತು. ತಮ್ಮ ದಯದಿಂದ ಅದು ಹಗಲೆಲ್ಲ ನೀರಿನ ಮೇಲೆಯೇ ಬಿದ್ದುಕೊಂಡಿರತೊಡಗಿತು. ಸೊಳ್ಳೆಗಳು ಹೋದವು, ಅವುಗಳ ಬೆನ್ನಿಗೇ ಏಡಿಗಳೂ, ಕಪ್ಪೆಗಳೂ ಊರು ಬಿಟ್ಟವು. ನಮ್ಮ ಕ್ಯಾರೆಟ್ಟುಗಳಿಗೆ ಎಂದೂ ಇಲ್ಲದ ಮಿರುಗು ಬಂತು. ಮೆಟ್ಟುಪಾಳ್ಯದ ಮಂಡಿಯವನು ಒಂದನ್ನು ಮೂಗಿಗೆ ಹಿಡಿದು, ಇದು ಊಟಿಯಿಂದ ಬಂದದ್ದೋ ವರ್ಕ್‌ಶಾಪಿನಿಂದ ಬಂದದ್ದೋ ಎಂದು ಕೇಳಿ, ಲಾರಿಯನ್ನು ಲಾರಿಯೇ ಹಿಂದಕ್ಕೆ ಕಳುಹಿಸಿದ. ಆ ದಿನ ಕಣಿವೆಯ ಹಸುಗಳ ಮುಂದೆ ಕ್ಯಾರೆಟ್ ಗುಡ್ಡೆ ಬಿತ್ತು. ಹಸುಗಳೂ ಮೂಸಿ ನೋಡಿ ಮುಖ ತಿರುಗಿಸಿದವು. ಆಮೇಲೆ ಅಕ್ಕಪಕ್ಕದ ರೈತರು ತಮ್ಮ ಮೂಟೆಗಳನ್ನು ನಮ್ಮ ಷೆಡ್ಡಿಗೆ ತರುವುದನ್ನು ಒಬ್ಬೊಬ್ಬರಾಗಿ ನಿಲ್ಲಿಸಿದರು. ಅವರನ್ನು ದೂರುವಂತಿರಲಿಲ್ಲ, ನಾನಾದರೂ ಅದನ್ನೇ ಮಾಡುತ್ತಿದ್ದೆ. ತಿರುಗುವ ಯಂತ್ರ ನಿಂತ ಷೆಡ್ಡಿನಲ್ಲಿ ನನ್ನ ಗಂಡ ಸುಮ್ಮನೆ ಕುಳಿತಿರುವುದನ್ನು ನೋಡಿದ ದಿನ ನಾನು ತಮ್ಮ ಸೆಂಟರಿಗೆ ಹತ್ತಿ ಬಂದೆ.

ಅಲ್ಲಿನ ಮ್ಯಾನೇಜರ್ ಶಕ್ತಿವೇಲ್ ಬಹಳ ಮರ್ಯಾದಸ್ಥರು. ನನಗೆ ಕುರ್ಚಿ ಹಾಕಿಸಿದರು, ಚಹಾ ತರಿಸಿದರು, ಜಲಪಾತದ ಚಿತ್ರವಿದ್ದ ತಮ್ಮ ಕಂಪನಿಯ ಕ್ಯಾಲೆಂಡರ್ ಕೊಟ್ಟರು. ಹಳೆಯ ಎಣ್ಣೆಯನ್ನು ಹಿಡಿದಿಡಲೆಂದು ಕಂಪನಿ ಕೊಟ್ಟ ಪೀಪಾಯಿಯನ್ನೂ ತೋರಿಸಿದರು. ಅದರಲ್ಲಿ ಮನಿಪ್ಲಾಂಟ್ ಸೊಂಪಾಗಿ ಬೆಳೆದಿತ್ತು. ಎಣ್ಣೆ ಹಿಡಿಯುವ ಟ್ಯಾಂಕ್ ಕಟ್ಟಿಸುವುದು ತನ್ನ ಕೈಯಲ್ಲಿಲ್ಲ, ಬೆಂಗಳೂರಿಗೆ ಬರೆಯಿರಿ ಎಂದರು. ಬರೆದೆ. ತಮ್ಮ ಎಣ್ಣೆ ನಮ್ಮ ಹಳ್ಳಕ್ಕೆ ಬರುತ್ತಿದೆ, ದಯವಿಟ್ಟು ನಿಲ್ಲಿಸಿ ಎಂಬ ಒಂದೇ ಮಾತನ್ನು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಕೆಂಪು ಶಾಯಿಯಲ್ಲಿ ಬರೆದೆ.

ಮಾನ್ಯರೇ, ತಮ್ಮ ಕಂಪನಿಯಲ್ಲಿ ಪತ್ರ ಒಡೆಯುವವರು ಯಾರೋ ನಾನರಿಯೆ. ರಿಪೇರಿಯವರಿಗೆ ಹೋಗಬೇಕಾದ ನನ್ನ ಪತ್ರ ಪ್ರಚಾರದವರಾದ ತಮ್ಮ ಮೇಜಿಗೆ ಬಂತು. ತಾವು ಅದರಲ್ಲಿ ಹಳ್ಳ ಎಂಬ ಪದವನ್ನು ಮಾತ್ರ ಓದಿ ಪರವಶರಾದಿರಿ. ಸ್ಥಳೀಯ ಮಹಿಳೆಯರಲ್ಲಿ ಜಲಮೂಲಗಳ ಬಗ್ಗೆ ಇಷ್ಟು ಕಾಳಜಿ ಇರುವುದು ತಮ್ಮ ಕಣ್ತೆರೆಸಿದೆಯೆಂದೂ, 'ಹನಿಹನಿಗೂ ನಮಸ್ಕಾರ' ಎಂಬ ತಮ್ಮ ಹೊಸ ಪರಿಸರ ಜಾಹೀರಾತನ್ನು ಇದೇ ಹಳ್ಳದಲ್ಲಿ ಚಿತ್ರಿಸಲು ತೀರ್ಮಾನಿಸಿರುವಿರೆಂದೂ ಉತ್ತರ ಬರೆದಿರಿ. ಕೊಳಾಯಿ ಸೋರುತ್ತಿದೆ ಎಂದು ಹೇಳಿಕಳುಹಿಸಿದರೆ ನಾದಸ್ವರದವರು ಬಂದ ಹಾಗಾಯಿತು. ಆದರೂ ಬಂದವರನ್ನು ಬೇಡ ಎನ್ನುವುದು ನಮ್ಮ ಹಟ್ಟಿಯ ಪದ್ಧತಿಯಲ್ಲ. ಹಳ್ಳವನ್ನು ಕಣ್ಣಾರೆ ನೋಡಿದರೆ ಅವರಿಗೇ ತಿಳಿಯುತ್ತದೆ ಎಂದು ನನ್ನ ಗಂಡ ಹೇಳಿದರು. ಅವರು ಮನುಷ್ಯರ ಬಗ್ಗೆ ಯಾವಾಗಲೂ ಒಳ್ಳೆಯದನ್ನೇ ಯೋಚಿಸುತ್ತಾರೆ.

ತಮ್ಮವರು ಚೆನ್ನೈಯಿಂದ ಕ್ಯಾಮರಾ, ಕೊಡೆ, ಕನ್ನಡಿ ಸಮೇತ ಬಂದಿಳಿದರು. ನಿರ್ದೇಶಕರು ಹಳ್ಳದ ದಂಡೆಗೆ ಬಂದು, ನೀರ ಮೇಲೆ ಹರಡಿದ್ದ ಏಳು ಬಣ್ಣವನ್ನು ನೋಡಿ ಕೈ ಜೋಡಿಸಿದರು. ಇಂಥ ಬೆಳಕನ್ನು ಸ್ವಿಟ್ಜರ್ಲೆಂಡಿನಲ್ಲೂ ಕಂಡಿಲ್ಲವಂತೆ. ಅದು ಎಣ್ಣೆ ಎಂದೆ. ಯಾರದ್ದು ಎಂದು ಕೇಳಿದರು. ನಿಮ್ಮದೇ ಎಂದೆ. ಅವರು ಸಂಕೋಚದಿಂದ ನಕ್ಕು, ಹಾಗೆಲ್ಲ ಹೊಗಳಬೇಡಿ ಎಂದರು. ಅಷ್ಟರಲ್ಲಿ ಅವರ ಸಹಾಯಕಿ ಮೋನಿಷಾ ಎಂಬ ಹುಡುಗಿ ಜಗಲಿಯ ಮೇಲೆ ಬಿಳಿಯ ಮುಂಡುಟ್ಟು, ಹೆಗಲಿಗೆ ತುಂಡು ಎಂಬ ಬಿಳಿಯ ವಸ್ತ್ರ ಹೊದ್ದು ಬಿಸಿಲು ಕಾಯಿಸಿಕೊಳ್ಳುತ್ತಿದ್ದ ನಮ್ಮ ಮಾಮಿಯನ್ನು ಕಂಡಳು. ಈ ಬಿಳಿಯ ಉಡುಪು ನಮ್ಮ ಹಿರಿಯ ಹೆಂಗಸರು ದಿನವೂ ಉಡುವಂಥದ್ದು. ಆದರೆ ಅದರ ಮೇಲಿದ್ದ ಮುಖ ನಿತ್ಯದ್ದಲ್ಲ. ಮಾಮಿಯ ಮುಖದ ಸುಕ್ಕುಗಳೂ ಸುಂದರವಾಗಿಯೇ ಬಿದ್ದಿವೆ. ಅದು ಮಾಮಿಗೂ ಗೊತ್ತಿದೆ.

ಹಳ್ಳಕ್ಕಿಳಿದು, ಬೊಗಸೆಯಲ್ಲಿ ನೀರೆತ್ತಿ, ಕುಡಿದು ನಗಬೇಕು ಎಂದು ನಿರ್ದೇಶಕರು ಬೇಡಿದರು. ಮಾಮಿ ನೀರನ್ನು ನೋಡಿದರು, ನಿರ್ದೇಶಕರನ್ನು ನೋಡಿದರು.

"ಮೊದಲು ನಿಂಗ ಕುಡಿಯಿರಿ," ಎಂದರು.

ಆಮೇಲೆ ಹಳ್ಳದಲ್ಲಿ ನಿಲ್ಲಿಸಿದ ಮಾಮಿಯ ಬೊಗಸೆಗೆ ಬಾಟಲಿಯ ನೀರು ಸುರಿಯಲಾಯಿತು. ಮಾಮಿ ಕುಡಿದು ನಕ್ಕರು. ದಡಕ್ಕೆ ಬಂದಾಗ ಮುಂಡಿನ ಅಂಚು ಮೊಣಕಾಲಿನವರೆಗೆ ಕಪ್ಪಾಗಿತ್ತು. ಅದನ್ನು ಕಂಡ ನಿರ್ದೇಶಕರು, ಚಿಂತೆ ಬೇಡ, ಕಂಪ್ಯೂಟರಿನಲ್ಲಿ ಬಿಳಿ ಮಾಡುತ್ತೇವೆ ಎಂದು ಧೈರ್ಯ ಹೇಳಿದರು. ನಮ್ಮ ಬಟ್ಟೆಗಳ ಬಗ್ಗೆ ಒಂದು ದೊಡ್ಡ ಕಂಪನಿ ಇಷ್ಟು ಕಾಳಜಿ ತೋರಿಸಿದ್ದು ಅದೇ ಮೊದಲು.

ಸೆಂಟರಿನ ನೆತ್ತಿಯ ಮೇಲೆ, ಬಸ್ಸಿಗಿಂತ ಎತ್ತರದ ಹೋರ್ಡಿಂಗಿನಲ್ಲಿ ಮಾಮಿ ಪ್ರತ್ಯಕ್ಷರಾದರು. ಬೊಗಸೆಯಲ್ಲಿ ನೀರು, ತುಟಿಯಲ್ಲಿ ನಗು, ಹಿಮದಂಥ ಮುಂಡು. ಸೋಲೂರಿನಿಂದ, ತುಮ್ಮನಟ್ಟಿಯಿಂದ ನೆಂಟರು ಬಸ್ಸು ಹಿಡಿದು ನೋಡಲು ಬಂದರು. ಕಂಡಕ್ಟರುಗಳು ಮಾಮಿಗಾಗಿ ಆ ತಿರುವಿನಲ್ಲಿ ಬಸ್ಸು ನಿಲ್ಲಿಸತೊಡಗಿದರು. ಮಾಮಿಯಂತೂ ಪೇಟೆಗೆ ಹೋಗಲು ಹೊಸ ಹೊಸ ಕೆಲಸ ಹುಟ್ಟಿಸಿಕೊಂಡರು. ಉಪ್ಪು ಮುಗಿಯುವ ಮೊದಲೇ ಉಪ್ಪು ತಂದರು. ಇತ್ತ ಷೆಡ್ಡಿನ ಯಂತ್ರ ನಿಂತೇ ಇತ್ತು.

ಇನ್ನು ಮಾಲಿನ್ಯ ನಿಯಂತ್ರಣದವರಿಗೇ ಬರೆಯುತ್ತೇನೆ ಎಂದು ನಾನು ಕುಳಿತಾಗ ಮನೆಯಲ್ಲಿ ಯುದ್ಧವಾಯಿತು. ಬರೆದರೆ ಸೆಂಟರಿನ ಮೇಲೆ ಕ್ರಮವಾಗುತ್ತದೆ, ಸೆಂಟರ್ ಮುಚ್ಚಿದರೆ ಹೋರ್ಡಿಂಗ್ ಇಳಿಯುತ್ತದೆ ಎಂಬುದು ಮಾಮಿಯ ಭಯ. ಸೊಸೆಗೆ ತನ್ನ ಮುಖದ ಮೇಲೆ ಹೊಟ್ಟೆಕಿಚ್ಚು ಎಂದು ಮಾಮಿ ಹಟ್ಟಿಯ ಮನೆಮನೆಗೂ ಹೇಳಿ ಬಂದರು. ನನ್ನ ಜೊತೆ ಮಾತು ಬಿಟ್ಟರು. ನಾನು ಬಡಿಸಿದರೆ ಉಣ್ಣದೆ, ತಾನೇ ಬಡಿಸಿಕೊಂಡರು. ನನಗೆ ನಿಜವಾಗಿ ನೋವಾಯಿತು, ಏಕೆಂದರೆ ಮದುವೆಯಾಗಿ ಬಂದಾಗ ಕ್ಯಾರೆಟ್ ಸೊಪ್ಪಿಗೂ ಕೊತ್ತಂಬರಿಗೂ ವ್ಯತ್ಯಾಸ ತಿಳಿಯದ ನನ್ನನ್ನು ಯಾರ ಮುಂದೆಯೂ ಬಿಟ್ಟುಕೊಡದೆ ಸಲಹಿದವರು ಅವರೇ. ಪೆನ್ನು ಕೈಯಲ್ಲಿತ್ತು, ಬರೆಯಲು ಮನಸ್ಸಾಗಲಿಲ್ಲ. ತಾಯಿಗೂ ಹೆಂಡತಿಗೂ ನಡುವೆ ಸಿಕ್ಕಿದ ನನ್ನ ಗಂಡ ಯಂತ್ರಕ್ಕೆ ಗ್ರೀಸು ಹಚ್ಚುವ ನೆಪ ಮಾಡಿಕೊಂಡು ಷೆಡ್ಡಿನಲ್ಲೇ ಇರತೊಡಗಿದರು. ತಿರುಗದ ಯಂತ್ರಕ್ಕೆ ಅಷ್ಟೊಂದು ಗ್ರೀಸು ಕಂಡದ್ದು ಆಗಲೇ.

ಹೀಗಿರುವಾಗ ತಿರುಪ್ಪೂರಿನ ಒಂದು ಕುಟುಂಬ ಹೋರ್ಡಿಂಗಿನ ಕೆಳಗೆ ಮಾಮಿಯ ಗುರುತು ಹಿಡಿಯಿತು. ಆ ಚಂದದ ಹಳ್ಳ ಎಲ್ಲಿದೆ, ನಾವೂ ನೋಡಬೇಕು ಎಂದರಂತೆ. ಮಾಮಿ ಕಾರಿನ ಮುಂದಿನ ಸೀಟಿನಲ್ಲಿ ಕುಳಿತು, ರಾಣಿಯಂತೆ ದಾರಿ ತೋರಿಸುತ್ತಾ ಅವರನ್ನು ಕರೆತಂದರು. ನಾನು ಷೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ದೊಡ್ಡವರು ಮಾಮಿಯ ಜೊತೆ ಫೋಟೋ ತೆಗೆಸಿಕೊಳ್ಳಲು ಸಾಲಾಗಿ ನಿಲ್ಲುತ್ತಿದ್ದರು. ಅವರ ಪುಟ್ಟ ಮಗಳು ಮಾತ್ರ ಸರಸರನೆ ನೀರಿಗಿಳಿದು, ಬಗ್ಗಿ, ಚಿತ್ರದಲ್ಲಿ ಮಾಮಿ ಹಿಡಿದ ಹಾಗೆಯೇ ಬೊಗಸೆ ಹಿಡಿದು, ಹಾಗೆಯೇ ನಗುತ್ತಾ ನೀರನ್ನು ಬಾಯಿಗೆ ತಂದಳು. ಮಾಮಿ ಆ ವಯಸ್ಸಿನಲ್ಲಿ ಹೇಗೆ ಓಡಿದರೋ, ಮಗುವಿನ ಕೈಗೆ ಫಟ್ಟನೆ ಹೊಡೆದು ನೀರು ಚೆಲ್ಲಿಸಿದರು. ಮಗು ಅತ್ತಿತು. ತಾಯಿ ಸಿಟ್ಟಿಗೆದ್ದಳು. ನಾನು ಹೋಗಿ ಮಗುವಿನ ಅಂಗೈಯನ್ನು ತಿರುಗಿಸಿ, ಅಲ್ಲಿ ಅಂಟಿದ್ದ ಕಪ್ಪನ್ನು ತೋರಿಸಿದ ಮೇಲೆ ಸುಮ್ಮನಾದಳು. ಸೋಪು ಹಾಕಿ ಉಜ್ಜಿ ತೊಳೆದುಕೊಟ್ಟೆ. ಅವರು ಹೊರಟುಹೋದರು.

ಮಾಮಿ ಜಗಲಿಗೆ ಹೋಗಿ ಕುಳಿತರು. ನಾನು ಚಹಾ ತಂದಿಟ್ಟಾಗ ಲೋಟ ತೆಗೆದುಕೊಂಡು, ಎಷ್ಟೋ ದಿನಗಳ ಮೇಲೆ ಮಾತಾಡಿದರು.

"ಆ ಕೂಸು ಎನ್ನ ಮೋರೆ ನಂಬಿ ನೀರಿಗೆ ಕೈ ಹಾಕಿತು, ಸುಗನ್ಯಾ."

ಮಾರನೆಯ ಬೆಳಿಗ್ಗೆ ಮಾಮಿ ಪೆಟ್ಟಿಗೆಯಿಂದ ಆ ಕಪ್ಪಂಚಿನ ಮುಂಡನ್ನೇ ತೆಗೆಸಿ ಉಟ್ಟರು. ನಾನು ಹಳ್ಳದ ನೀರನ್ನು ಒಂದು ಬಾಟಲಿಗೆ ತುಂಬಿಕೊಂಡೆ. ಇಬ್ಬರೂ ಬಸ್ಸು ಹತ್ತಿ ತಮ್ಮ ಸೆಂಟರಿಗೆ ಹೋದೆವು. ಕಾರುಗಳು ಹತ್ತುವ ಇಳಿಜಾರಿನ ನಟ್ಟನಡುವೆ ಮಾಮಿ ಕುಳಿತರು. ಪಕ್ಕದಲ್ಲಿ ಬಾಟಲಿ, ಅದರ ಪಕ್ಕದಲ್ಲಿ ನಾನು. ಸೀಸನ್ನಿನ ದಿನ. ರಸ್ತೆಯಲ್ಲಿ ಕಾರುಗಳ ಸಾಲು ಬೆಳೆಯಿತು. ಇಳಿದು ಬಂದವರು ಮೇಲೆ ನೋಡಿದರು, ಕೆಳಗೆ ನೋಡಿದರು. ಮೇಲೆ ಬೆಳ್ಳನೆಯ ಮಾಮಿ, ಕೆಳಗೆ ಕಪ್ಪಂಚಿನ ಮಾಮಿ. ಒಬ್ಬರು ಬಾಟಲಿಯನ್ನು ಎತ್ತಿ ಹಿಡಿದು, ಇದು ಕಂಪನಿಯ ಹೊಸ ಎಣ್ಣೆಯೋ ಎಂದು ಕೇಳಿದರು. ಹಳೆಯದು ಎಂದೆ. ಫೋನುಗಳು ಹೊರಬಂದವು.

ಶಕ್ತಿವೇಲ್ ಓಡಿಬಂದು, ಎದ್ದು ಬನ್ನಿ, ಆಫೀಸಿನಲ್ಲಿ ಕುಳಿತು ಮಾತಾಡೋಣ, ನಿಮ್ಮ ಫೋಟೋ ಇಷ್ಟವಿಲ್ಲದಿದ್ದರೆ ಈ ದಿನವೇ ಇಳಿಸುತ್ತೇನೆ ಎಂದು ಕೈ ಮುಗಿದರು. ಮಾಮಿಗೆ ಅದೊಂದು ಮಾತು ಚುಚ್ಚಿತು.

"ಎನ್ನ ಮೋರೆ ಇರಲಿ," ಎಂದರು. "ನಿಂಗ ಮೋರಿ ಮುಚ್ಚಿ."

ಆಗ ಶಕ್ತಿವೇಲ್ ತಮಗೇ ಫೋನು ಮಾಡಿದ್ದು ತಮಗೆ ನೆನಪಿರಬಹುದು. ಹೋರ್ಡಿಂಗಿನ ಅಜ್ಜಿ ಸ್ವತಃ ಬಂದು ಕುಳಿತಿದ್ದಾರೆ, ಜನ ಸೇರಿದ್ದಾರೆ ಎಂದು ಕೇಳಿದೊಡನೆ ತಾವು ಹರ್ಷಗೊಂಡು, ಬೆಳಕು ಚೆನ್ನಾಗಿದೆಯೇ, ಟೀವಿಯವರು ಬಂದಿದ್ದಾರೆಯೇ ಎಂದು ವಿಚಾರಿಸಿ, ಅಜ್ಜಿಗೆ ಕಂಪನಿಯ ಟೋಪಿಯೊಂದನ್ನು ತೊಡಿಸಲು ಅಪ್ಪಣೆ ಕೊಡಿಸಿದಿರಿ. ಟೋಪಿ ಬಂತು. ಬಿಸಿಲು ಏರುತ್ತಿದ್ದುದರಿಂದ ಮಾಮಿ ಅದನ್ನು ತಲೆಗೆ ಕಟ್ಟಿದ ಬಿಳಿಯ ಪಟ್ಟಿನ ಮೇಲೆಯೇ ಇಟ್ಟುಕೊಂಡರು. ಶಕ್ತಿವೇಲ್ ಫೋನು ಕೆಳಗಿಟ್ಟರು. ಆಮೇಲೆ, ಟ್ಯಾಂಕ್ ಕಟ್ಟುವ ಅಧಿಕಾರ ನನಗಿಲ್ಲ, ಷಟರ್ ಇಳಿಸುವ ಅಧಿಕಾರ ಇದೆ ಎಂದು ಹೇಳಿ, ದಡದಡನೆ ಷಟರ್ ಎಳೆದು, ಬೀಗ ಹಾಕಿ, ನಮ್ಮ ಪಕ್ಕದಲ್ಲೇ ಬಂದು ಕುಳಿತರು. ಅವರನ್ನು ಅಪ್ಪಿತಪ್ಪಿಯೂ ವರ್ಗ ಮಾಡಬೇಡಿ. ತಮ್ಮ ಕಂಪನಿಯಲ್ಲಿ ಪರಿಸರಕ್ಕಾಗಿ ನಿಜವಾಗಿ ಏನಾದರೂ ಮಾಡಿದ ಕೈ ಅಂದರೆ ಆ ಷಟರ್ ಎಳೆದ ಕೈ.

ಸೀಸನ್ನಿನಲ್ಲಿ ಸೆಂಟರ್ ಮುಚ್ಚಿತು ಎಂದೊಡನೆ ಬೆಂಗಳೂರಿನಲ್ಲಿ ಪ್ರಚಾರವಲ್ಲದ ಬೇರೆ ವಿಭಾಗಗಳೂ ಇವೆ ಎಂದು ನಮಗೆ ತಿಳಿದುಬಂತು. ನಂದಿನಿ ಎಂಬ ಎಂಜಿನಿಯರ್ ಬಂದರು. ಕ್ಯಾಮರಾ ತಂದಿರಲಿಲ್ಲ, ಟಾರ್ಚ್ ತಂದಿದ್ದರು. ನೆಲದ ತೂಬಿನೊಳಗೆ ಇಣುಕಿದರು, ಮೋರಿಯ ಗುಂಟ ನಡೆದು ನಮ್ಮ ಹಳ್ಳದವರೆಗೆ ಇಳಿದರು, ಒಂದು ಕಲ್ಲನ್ನು ಬೆರಳಿನಿಂದ ಒರೆಸಿ ನೋಡಿ, ನನ್ನ ಕಡೆ ತಿರುಗಿ ಕ್ಷಮಿಸಿ ಎಂದರು. ನಾನು ಇಷ್ಟು ದಿನ ಕಾಯುತ್ತಿದ್ದದ್ದು ಬಹುಶಃ ಆ ಒಂದು ಪದಕ್ಕೆ. ಅದು ಬಂದಾಗ ಊಟ ಮಾಡಿಕೊಂಡು ಹೋಗಿ ಎಂದುಬಿಟ್ಟೆ. ಎಣ್ಣೆ ಮೇಲೆ ತೇಲಿ ಒಳಗೇ ಉಳಿದು, ನೀರು ಮಾತ್ರ ಹೊರಹೋಗುವ ಟ್ಯಾಂಕ್ ಕಟ್ಟಿಸಿದರು. ಮನಿಪ್ಲಾಂಟಿಗೆ ಕುಂಡ ಕೊಡಿಸಿದರು. ಈಗ ಹಳೆಯ ಎಣ್ಣೆ ಪೀಪಾಯಿಯಲ್ಲಿ ತುಂಬಿ, ಲಾರಿಯಲ್ಲಿ ಕೂತು, ಅದನ್ನು ಶುದ್ಧಿ ಮಾಡುವವರ ಬಳಿಗೆ ಹೋಗುತ್ತದೆ. ಮುಂಗಾರು ಬಂದು ಹಳ್ಳವನ್ನು ತೊಳೆಯಿತು. ಮೊದಲು ವಾಸನೆ ಹೋಯಿತು, ನಿಧಾನಕ್ಕೆ ಕಲ್ಲುಗಳ ಕಪ್ಪು ಹೋಯಿತು, ಒಂದು ದಿನ ಷೆಡ್ಡಿನ ಹೊಸ್ತಿಲಲ್ಲಿ ಒಂದು ಏಡಿ ಬಂದು ಕೊಂಡಿ ಎತ್ತಿ ನಿಂತಿತು. ಯಂತ್ರ ಮತ್ತೆ ತಿರುಗಿದ ದಿನ ಅದರ ಸದ್ದಿಗೆ ಕಣಿವೆಯೇ ಎಚ್ಚರವಾಯಿತು. ಮೆಟ್ಟುಪಾಳ್ಯದ ಮಂಡಿಯವನು ಕ್ಯಾರೆಟ್ಟನ್ನು ಮೂಗಿಗೆ ಹಿಡಿದು ಏನೂ ಹೇಳಲಿಲ್ಲ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಇನ್ನು ನನ್ನ ದೂರು.

ಹೋದ ತಿಂಗಳು ತಾವು ಹೋರ್ಡಿಂಗ್ ಬದಲಿಸಿದಿರಿ. 'ಒಂದು ಹಳ್ಳವನ್ನು ಉಳಿಸಿದೆವು, ಹೆಮ್ಮೆಯಿಂದ, ತೈಲಶ್ರೀ' ಎಂದು ಬರೆಸಿದಿರಿ. ಯಾರಿಂದ ಉಳಿಸಿದಿರಿ ಎಂಬುದನ್ನು ಜಾಗ ಸಾಲದೆ ಬಿಟ್ಟಿರಬಹುದು. ಅದಕ್ಕೂ ನನ್ನ ಆಕ್ಷೇಪವಿಲ್ಲ. ಆದರೆ ಮಾಮಿಯ ಜಾಗದಲ್ಲಿ ಯಾವುದೋ ಊರಿನ ಯುವತಿಯೊಬ್ಬಳನ್ನು ತಂದು, ನಮ್ಮ ಮುಂಡನ್ನೇ ಉಡಿಸಿ, ಕೈಗೊಂದು ಕ್ಯಾರೆಟ್ ಕೊಟ್ಟು ನಿಲ್ಲಿಸಿದ್ದೀರಿ. ಕ್ಯಾರೆಟ್ಟನ್ನು ಅವಳು ಪೆನ್ನು ಹಿಡಿದ ಹಾಗೆ ಹಿಡಿದಿದ್ದಾಳೆ. ಹೆಗಲ ಮೇಲೆ ತುಂಡು ಹೊದೆಸಲು ಮರೆತಿದ್ದೀರಿ. ಮಾಮಿ ಇದನ್ನು ಕಂಡರೆ ಏನಾಗುವುದೋ ಎಂದು ನಾನೂ ನನ್ನ ಗಂಡನೂ ಹೆದರಿ, ಮನೆಗೆ ಉಪ್ಪನ್ನು ಮೂಟೆಯಲ್ಲೇ ತಂದಿಟ್ಟೆವು. ಆದರೂ ಮಾಮಿ ಹೋದರು, ನೋಡಿದರು. ಬಸ್ ಸ್ಟಾಪಿನ ಕಲ್ಲಿನ ಮೇಲೆ ಕುಳಿತು ಎಷ್ಟೋ ಹೊತ್ತು ನೋಡಿದರು. ಮನೆಗೆ ಬಂದು ಒಂದೇ ಮಾತು ಹೇಳಿದರು.

"ಪಾಪದ ಕೂಸು, ಈ ಚಳಿಗೆ ತೋಳು ಮುಚ್ಚಿಲ್ಲೆ."

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ವಿನಂತಿ. ಊಟಿಯಲ್ಲಿ ಹಿಮ ಬೀಳುವ ತಿಂಗಳು ಹತ್ತಿರವಾಗುತ್ತಿದೆ. ಏಣಿ ಹಾಕಿ ಆ ಹುಡುಗಿಗೆ ಒಂದು ತುಂಡು ಹೊದೆಸಲು ನಮಗೆ ಅನುಮತಿ ಕೊಡಿ. ಬಟ್ಟೆ ನಮ್ಮದು, ಅಷ್ಟು ದೊಡ್ಡ ಹೆಗಲಿಗೆ ಎಷ್ಟು ಬೇಕಾಗುವುದೋ ಮಾಮಿ ಆಗಲೇ ಕಣ್ಣಳತೆ ಹಾಕಿದ್ದಾರೆ. ಅವಳು ಎಲ್ಲಿಯವಳಾದರೂ ಸರಿ, ಒಮ್ಮೆ ನಮ್ಮ ಹಟ್ಟಿಗೆ ಕಳುಹಿಸಿಕೊಡಿ. ಮುಂಡು ಉಡುವುದನ್ನೂ ಕ್ಯಾರೆಟ್ ಹಿಡಿಯುವುದನ್ನೂ ಮಾಮಿ ಕಲಿಸುತ್ತಾರೆ, ಹಳ್ಳದ ನೀರನ್ನು ಈಗ ಬಾಟಲಿಯ ನೆರವಿಲ್ಲದೆ ಬೊಗಸೆಯಲ್ಲಿ ಎತ್ತಿ ನಗಬಹುದು. ಕುಡಿಯುವುದಾದರೆ ಕಾಯಿಸಿ ಕೊಡುತ್ತೇನೆ. ಇನ್ನು ಮಾಮಿಯ ಹಳೆಯ ಫೋಟೋವನ್ನು ಮತ್ತೆ ರಸ್ತೆಗೆ ಹಾಕಿ ಎಂದು ನಾನು ಕೇಳುವುದಿಲ್ಲ. ಅದನ್ನು ತಮ್ಮ ಬೆಂಗಳೂರಿನ ಕಚೇರಿಯಲ್ಲಿ, ಪತ್ರ ಒಡೆಯುವ ಮೇಜಿನ ಎದುರಿನ ಗೋಡೆಗೆ ಹಾಕಿ. ಕಂಪ್ಯೂಟರ್ ತೊಳೆದದ್ದು ಬೇಡ, ಅಂಚು ಕಪ್ಪಗಿರುವ ಅಸಲು ಪ್ರತಿ ಹಾಕಿ. ಮುಂದೆ ಯಾವ ಊರಿನ ಯಾವ ಹೆಂಗಸು ಎಣ್ಣೆ ನಿಲ್ಲಿಸಿ ಎಂದು ಬರೆದರೂ, ಪತ್ರ ಒಡೆಯುವವರು ಒಮ್ಮೆ ತಲೆಯೆತ್ತಿ ಆ ಮುಖ ನೋಡಿ, ಆಮೇಲೆ ಅದನ್ನು ಯಾವ ವಿಭಾಗಕ್ಕೆ ಕಳುಹಿಸಬೇಕೆಂದು ಯೋಚಿಸಲಿ.

ತಮಗೆ ಎಂದೂ ಮೇಲ್ಗಡೆಯ ವಾಸವೇ ಲಭಿಸಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ಹಾಗೂ ತಮ್ಮಿಂದ ಸದಾ ಕೆಳಗಡೆಯ ನಿವಾಸಿ,
ಸುಗನ್ಯಾ ಭೋಜನ್
ಕೆತ್ತಿ

ತಾ.ಕ.: ಹಳ್ಳದ ಎರಡೂ ದಂಡೆಗೆ ನೆಡಲೆಂದು ತಾವು ಲಾರಿಯಲ್ಲಿ ಕಳುಹಿಸಿದ ಸಸಿಗಳು ತಲುಪಿದವು. ನೋಡಿದರೆ ಎಲ್ಲವೂ ನೀಲಗಿರಿ ಗಿಡಗಳು. ನೀಲಗಿರಿಗೇ ನೀಲಗಿರಿ ಕಳುಹಿಸಿದ ತಮ್ಮ ಔದಾರ್ಯಕ್ಕೆ ಮಾತಿಲ್ಲ. ಈ ಮರ ನೀರು ಕುಡಿಯುವುದರಲ್ಲಿ ಎಂಥ ಗಟ್ಟಿಗ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಇವು ಬೆಳೆದು ಹಳ್ಳವನ್ನೇ ಕುಡಿದು ಮುಗಿಸಿದರೆ, ಅದು ಮುಂದೆಂದೂ ಮಲಿನವಾಗುವ ಭಯವಿಲ್ಲ ಎಂಬ ತಮ್ಮ ದೂರದೃಷ್ಟಿಗೆ ನಮೋನಮಃ. ಸಸಿಗಳನ್ನು ಅದೇ ಲಾರಿಯಲ್ಲಿ ಹಿಂದಕ್ಕೆ ಕಳುಹಿಸಿದ್ದೇವೆ. ದಾರಿಯ ಹಸಿವಿಗೆಂದು ಡ್ರೈವರಿನ ಕೈಯಲ್ಲಿ ಒಂದು ಚೀಲ ಕ್ಯಾರೆಟ್ ಕೊಟ್ಟಿದ್ದೇವೆ. ತಾವೂ ಒಂದು ತಿನ್ನಬೇಕು. ಹೆದರದೆ ತಿನ್ನಿ. ಮಾಮಿ ಮೊದಲು ತಿಂದು ನೋಡಿದ್ದಾರೆ.